ಅದಬು

ಲಿಂಗಸುಗೂರು ತಹಸೀಲು ಕಚೇರಿಯೆದುರು, ಬೇವಿನ ಬುಡಕ್ಕೆ
ನನ್ನ ಕುರ್ಚಿ, ಮಡಚುವ ಮೇಜು.
ಅರ್ಜಿಗೆ ಮೂವತ್ತು ರೂಪಾಯಿ. ಬಾಗುವ ಮಾತು ನನ್ನ ಕಸುಬು:
‘ತಮ್ಮ ಸನ್ನಿಧಿಯಲ್ಲಿ’, ‘ಕೃಪೆದೋರಬೇಕು’, ‘ತಮ್ಮ ವಿಧೇಯ’.
ಬೆರಳಿಗೆ ರೂಢಿ, ಎದೆಗೆ ಸುದ್ದಿಯೇ ಇಲ್ಲ.

ಸಾಲಿಯಲ್ಲಿ ಕಲಿತದ್ದಲ್ಲ ಇದು.
ನಮ್ಮಜ್ಜಿ ಹುಲಿಗೆವ್ವ
ದೇಸಾಯರ ವಾಡೆಯಲ್ಲಿ ಐವತ್ತು ವರ್ಷ ಜೋಳ ಕೇರಿದವಳು.
ಅವಳ ಬಾಯಲ್ಲಿ ಎರಡು ಕನ್ನಡ.
ನಾವು ಉಂಡರೆ ಉಂಡೆವು,
ಧಣಿ ಉಂಡರೆ ‘ಆರೋಗಣಿ ಆತು’.
ನಾವು ಬಿದ್ದುಕೊಂಡೆವು, ಧಣಿ ‘ಪವಡಿಸ್ಯಾರ’.
ನಮಗೆ ಜ್ವರ; ಅವರಿಗೆ ‘ಮೈಯಾಗ ಆರಾಮ ತಪ್ಪೈತಿ’,
ಅದೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು,
ಅವರ ಜ್ವರಕ್ಕೆ ನಮ್ಮ ಉಸಿರು ತಾಗೀತೆಂದು.

ಅಗಸಿ ದಾಟುವಾಗ ಚಪ್ಪಲಿ ಕಂಕುಳಿಗೆ,
ಸೆರಗು ಹಣೆಯ ಗೆರೆಗೆ, ಕಣ್ಣು ನೆಲಕ್ಕೆ.
‘ಅದಬು’ ಅನ್ನುತ್ತಿದ್ದಳು ಇದಕ್ಕೆಲ್ಲ.
ಧಣಿಯ ಮುಖ ಅವಳಿಗೆ ಗೊತ್ತಿರಲಿಲ್ಲ,
ಹಿಮ್ಮಡಿಯ ಸೀಳು ಗೊತ್ತಿತ್ತು.
ಎಡಗಾಲಿನದು ಆಳ.

ಆ ಮಾತುಗಳನ್ನು ಕದ್ದು ಮನೆಗೆ ತರುವಳು
ಸೆರಗಿನ ಗಂಟಲ್ಲಿ ಹಿಡಿ ಶೇಂಗಾ ತಂದಂತೆ.
ದೀಪ ಆರಿದ ಮೇಲೆ ನಮ್ಮ ಕುರುಡು ಆಡಿನ ಮುಂದೆ ಕೂತು,
‘ಚಿತ್ತೈಸಬೇಕು ಧಣಿ, ಹುಲ್ಲು ಆರೋಗಣಿ ಮಾಡಬೇಕು.’
ಅಪ್ಪ ಹೊಡೆದ ರಾತ್ರಿ ನನಗೂ,
‘ದೊರಿ ಸಿಟ್ಟಾಗ್ಯಾರ, ಪರಾಕು, ಪರಾಕು.’
ನಕ್ಕು ನಕ್ಕು ಅವಳಿಗೆ ಕೆಮ್ಮು ಹತ್ತುತ್ತಿತ್ತು.

ಇವತ್ತು ಬೇವಿನ ಕೆಳಗೆ ಬಂದು ನಿಂತವರು
ಗದಿಗೆಪ್ಪ ದೇಸಾಯರ ಮೊಮ್ಮಗ.
ಕೈಯಲ್ಲಿ ಪಹಣಿ. ಹನ್ನೊಂದು ಗುಂಟೆ, ಹೆಸರು ತಪ್ಪಾಗಿದೆ.
ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ.
ಯಾರು ಹೇಳಿದ್ದರು ಏಳು ಅಂತ?
ಬೆನ್ನಿಗೆ ಅದರದೇ ನೆನಪು.

ಬರೆದು ಓದಿದೆ. ‘ತಮ್ಮ ವಿಧೇಯ’ ಬಂದಾಗ ತಡೆದರು:
‘ಇದಕ್ಕ ಬ್ಯಾರೆ ಪದ ಐತೇನ್ರಿ?
ನಮ್ಮ ಮನಿಯಾಗ ಯಾರೂ ಇದನ್ನ ಬರದಿಲ್ಲ.’
ಅಜ್ಜಿಯ ಗಂಟು ಬಿಚ್ಚಿದೆ, ಜಾಡಿಸಿದೆ.
ಬಾಗುವ ಮಾತು ನೂರಿದ್ದವು.
ನೆಟ್ಟಗೆ ನಿಂತು ಕೇಳುವ ಒಂದು ಮಾತು
ನಮ್ಮ ಗಂಟಲ್ಲಿ ಇರಲಿಲ್ಲ,
ಅವರ ವಾಡೆಯಲ್ಲೂ ಇದ್ದ ಹಾಗಿಲ್ಲ.
‘ಇರಲಿ ಬಿಡ್ರಿ, ಎಲ್ಲಾರೂ ಹಂಗೇ ಬರೀತಾರ.’

ಸಹಿ ಮಾಡಿದರು. ಐವತ್ತರ ನೋಟು ಕೊಟ್ಟು ಚಿಲ್ಲರೆ ಬೇಡ ಅಂದರು.
ಇಪ್ಪತ್ತು ಎಣಿಸಿ ಅಂಗೈಗಿಟ್ಟೆ, ಕೂತೇ.

ಆದರೂ ಅವರು ಹೊರಳಿ ಕಚೇರಿಯ ಮೆಟ್ಟಿಲು ಹತ್ತುವಾಗ
ನನ್ನ ಕಣ್ಣು ತಾನಾಗಿ ಕೆಳಗಿಳಿಯಿತು:
ಸವೆದ ಪ್ಲಾಸ್ಟಿಕ್ ಚಪ್ಪಲಿ,
ಎಡ ಹಿಮ್ಮಡಿಯಲ್ಲಿ ಸೀಳು.
ಆಳ.