ಎರಡನೇ ಬಲೂನು

ಡುಲೂತ್‌ನಲ್ಲಿ ನವೆಂಬರ್ ಎಂದರೆ ನಾಲ್ಕೂವರೆಗೇ ಕತ್ತಲು.
ಮಕ್ಕಳೆಲ್ಲ ಹೋದ ಮೇಲೆ, ಇನ್ನೂರ ಏಳನೇ ಕೋಣೆಯಲ್ಲಿ
ಕೆಂಪು ಬಲೂನೊಂದನ್ನು ಊದಿ
ಸೂಜಿ ಚುಚ್ಚುತ್ತೇನೆ. ಇದಕ್ಕೇ ನನಗೆ ಸಂಬಳ.

ಢಬ್ ಎಂದದ್ದು ಸಾಯಲು ಎಷ್ಟು ಹೊತ್ತು ಹಿಡಿಯಿತು
ಅದನ್ನು ಅಳೆಯಬೇಕು.
ಸೆಕೆಂಡನ್ನು ಹತ್ತು ಪಾಲು ಮಾಡಿದರೆ ಆರು ಮೀರಬಾರದು, ನಿಯಮ.
ಇಲ್ಲಿ ಹನ್ನೊಂದು.
ಬರಿಗೋಡೆ, ಎತ್ತರದ ಚಾವಣಿ,
ಅದಿರಿನ ಹಡಗು ಕಾಣುವ ಮೂರು ದೊಡ್ಡ ಗಾಜು,
ಅದರಡಿ ಗೊರಕೆ ಹೊಡೆಯುವ ಬಿಸಿಗಾಳಿ ಯಂತ್ರ.
ಗೋಡೆಗೂ ಕಿವಿ ಇದೆ ಎನ್ನುತ್ತಾರೆ;
ಇವಕ್ಕೆ ಬಾಯಿ ಮಾತ್ರ. ಆಡಿದ್ದನ್ನೇ ಆಡುತ್ತವೆ.

ಮೂರನೇ ಸಾಲಿನ ಕೊನೆಯ ಕುರ್ಚಿ ಮಾರಿತ್‌ಳದು.
ಒಂಬತ್ತು ವರ್ಷ, ಎರಡೂ ಕಿವಿಗೆ ನೇರಳೆ ಬಣ್ಣದ ಯಂತ್ರ.
ಅಷ್ಟು ದೂರ ಬರುವಷ್ಟರಲ್ಲಿ
ಸ್ವರಗಳು ಹೇಗೋ ಈಜಿ ದಡ ಸೇರುತ್ತವೆ,
ವ್ಯಂಜನಗಳು ಮುಳುಗುತ್ತವೆ. ಎಲ್ಲಕ್ಕಿಂತ ಮೊದಲು ಸಕಾರ.
ಇಂಗ್ಲಿಷಿನಲ್ಲಿ ಬಹುವಚನಕ್ಕೆ ಇರುವುದೇ ಆ ಸಣ್ಣ ಬಾಲ.
ಪಾಠದಲ್ಲಿ ಹತ್ತು ಬೆಕ್ಕುಗಳಿದ್ದರೂ
ಅವಳ ಪುಸ್ತಕದಲ್ಲಿ ಒಂದೇ ಬೆಕ್ಕು.
'ಗಮನ ಸಾಲದು' ಎಂದಿದೆ ಕಳೆದ ವರ್ಷದ ವರದಿ.

ಚಾವಣಿಗೆ ಮೆತ್ತನೆಯ ಹಲಗೆ ಬಂತು. ಗೊರಕೆ ನಿಂತಿತು.
ಮಿಸೆಸ್ ಲಪ್ರೇರಿಯ ಕೊರಳಿಗೆ ಬೆರಳುದ್ದದ ಮೈಕು,
ಅದರ ಮಾತು ನೇರ ಮಾರಿತ್‌ಳ ಕಿವಿಗೆ.

ಎರಡನೇ ವಾರ ಅದನ್ನು ಆರಿಸಲು ಮರೆತು
ಫೋನು ಹಿಡಿದು ಹೊರಗೆ ಹೋದರಂತೆ.
ಭಾಗಾಕಾರದಲ್ಲಿದ್ದ ಇಪ್ಪತ್ತಮೂರು ತಲೆಗಳು ಎತ್ತಲಿಲ್ಲ.
ಒಬ್ಬಳಿಗೆ ಮಾತ್ರ ಕೇಳಿತು: ಬಾಗಿಲ ಚಿಲಕ,
ತಿರುಗಿಸಿ ಬಿಟ್ಟ ನಲ್ಲಿ,
ಆಮೇಲೆ ಯಾರಿಗೋ, ಮೆಲ್ಲಗೆ,
"ಗಂಟುಗಳು. ಹೌದು. ಒಂದಲ್ಲ."

ಬಾಲ ಸಮೇತ, ಪೂರ್ತಿ.

ಮರಳಿ ಬಂದಾಗ ಮಾರಿತ್ ಎದ್ದು ಹತ್ತಿರ ಹೋಗಿ
ಏನೂ ಅನ್ನದೆ, ಕೊರಳ ಬಳಿಯ ಗುಂಡಿ ಒತ್ತಿ
ಹಸಿರು ದೀಪ ಆರಿಸಿ
ತನ್ನ ಕುರ್ಚಿಗೆ ವಾಪಸಾದಳು.

ಇದನ್ನು ಹೇಳಿದ್ದು ಮಿಸೆಸ್ ಲಪ್ರೇರಿಯೇ,
ಮರುಪರೀಕ್ಷೆಗೆ ನಾನು ಹೋದ ಸಂಜೆ, ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು.
ಅವಳ ಮುಂದೆ ಈಗ ಸುಳ್ಳು ಹೇಳಲಾಗುವುದಿಲ್ಲ ನೋಡಿ, ಎಂದು ನಕ್ಕರು.
ನಾನು ಬಲೂನು ಊದಿ ಗಂಟು ಹಾಕಿದೆ,
ಹಾಕುವಾಗ ಆ ಪದ ನೆನಪಾಗಿ ಕೈ ತಡೆಯಿತು.
"ಸೂಜಿ ನನಗೆ ಕೊಡಿ," ಎಂದರು.

ಢಬ್.
ಐದು ಪಾಲು. ಬರೆದುಕೊಂಡೆ.
ಇನ್ನೊಂದಿದೆಯಾ, ಎಂದು ಕೇಳಿದರು.