ಗಟ್ಟಿ ಎಣ್ಣಿ

ದೇವದುರ್ಗದಾಗ ಕೊಬ್ಬರಿ ಎಣ್ಣಿ
ಯಾವತ್ತೂ ನೀರೇ.
ಇಲ್ಲಿ, ಶಂಕರಘಟ್ಟದ ಹಾಸ್ಟೆಲಿನಾಗ,
ಡಿಸೆಂಬರಿನ ಒಂದು ಮುಂಜಾನೆ
ಬಾಟ್ಲಿ ಬೋರಲು ಹಿಡಿದರೂ ಬೀಳಲಿಲ್ಲ.
ಕೆಟ್ಟದ ಅಂತ ಚೆಲ್ಲಾಕ ಹೊಂಟಿದ್ದೆ.

ಕೊಪ್ಪದ ವಿಶಾಲಾಕ್ಷಿ ನಕ್ಕು ನಕ್ಕು
ಮಂಚಕ್ಕೆ ಒರಗಿದಳು:
"ಇದೆಂಥ ಚಳಿ ಮಾರಾಯ್ತಿ, ಹುಲಿಗೆಮ್ಮ!"

ಬಾಟ್ಲಿ ಕಂಕುಳಾಗ ಇಟಗೊಂಡು
ಕ್ಲಾಸಿಗೆ ಹೋದೆ. ಕಿಟಕಿ ತುಂಬ ಮಂಜು.
ಮೇಷ್ಟ್ರ ಸಮೀಕರಣಕ್ಕಿಂತ
ನನ್ನ ಹಲ್ಲಿನ ಸಪ್ಪಳವೇ ಜೋರು.

ಅವ್ವ ಫೋನಿನಾಗ: "ಥಂಡಿ ಹ್ಯಾಂಗದ?"
ಇಲ್ಲಿ ಉಸಿರು ಕಣ್ಣಿಗೆ ಕಾಣತದವ್ವ, ಅಂದೆ.
ಆಕಿ ಸುಮ್ಮನಾದಳು. ಆಮ್ಯಾಲೆ,
"ಯಾರದು?"

ಶಿವರಾತ್ರಿ ಬರೂದ್ರಾಗ
ಎಣ್ಣಿ ತಾನೇ ಕರಗಿತ್ತು.
ಬೆಳಕಿಗೆ ಹಿಡಿದು
ತಳದಾಗ ಬಿಳುಪು ಇನ್ನೂ
ಚೂರು ಉಳಿದದೇನು ಅಂತ
ನೋಡಿದೆ, ಯಾಕೋ.