ಐದು ನಿಮಿಷ ಸುಮ್ಮನ ಬಿಡಬೇಕು

ನವನಗರದ ಹಾರ್ಡ್‌ವೇರ್ ಅಂಗಡ್ಯಾಗ
ಮೂರು ಮಷೀನು ಸರಪಳಿಗೆ ತೂಗಹಾಕಿದ್ರು.
ಮಂಟೂರ ಸಾವಕಾರ ನನ್ನ ಮಾರಿ ನೋಡಿ ಹೇಳಾಕ ಹತ್ತಿದ:
ಇದು ಹದಿನಾಲ್ಕುನೂರು ವ್ಯಾಟು, ಇದು ಹದಿನಾರುನೂರು.
ರೊಕ್ಕ ಲಾಲಬಿಯ ಸೆರಗಿನ ಗಂಟಿನ್ಯಾಗಿತ್ತು.
ಅವಗ ಗೊತ್ತಿರಲಿಲ್ಲ.

ನಾ ಗೌಂಡಿ, ಫರಸಿ ಕೂಡ್ರಸಾಂವ.
ಲಾಲಬಿ ಹತ್ತೊಂಬತ್ತು ವರ್ಷ ನನಗ ಮಾಲು ಕಲಸ್ಯಾಳ,
ಸಲಕಿಲೆ, ಕೈಲೆ, ಒಮ್ಮೊಮ್ಮೆ ಕಾಲಿಲೆ.
ಸಿಮೆಂಟು ಆಕಿ ಬೆರಳಿನ ಗೆರಿ ತಿಂದೈತಿ;
ರೇಷನ್ ಅಂಗಡಿ ಯಂತ್ರ ಆಕಿ ಗುರುತ ಹಿಡಿಯಂಗಿಲ್ಲ,
ನಾಕು ಸಲ ಹೆಬ್ಬೆಟ್ಟು ಒತ್ತಿ
ಬರೇ ಚೀಲಾ ಮಡಚಿಕೊಂಡು ಬರತಾಳ.

"ಈ ಕೋಲಿನ ತುದಿ ಕೆಳಗಿಂದ ಮ್ಯಾಲ ಎತ್ತತೈತೋ,
ಮ್ಯಾಲಿಂದ ಕೆಳಗ ಒತ್ತತೈತೋ?"
ಸಾವಕಾರ ಚಸ್ಮಾ ಹುಡುಕಿದ.
"ಬಣ್ಣಕ್ಕಾದ್ರ ಒತ್ತೂದು ಬೇಕು, ಇಲ್ಲಂದ್ರ ಸಿಡಿತೈತಿ.
ನನ್ನ ಮಾಲು ಭಾರ. ಉಸುಕು ತಳಾ ಹಿಡಿತೈತಿ.
ತಳದಾಗ ಕುಂತದ್ದನ್ನ ಎತ್ತೂದು ಕೊಡ್ರಿ."

ಭಾಳ ಸುತ್ತಿಂದು ಬ್ಯಾಡಂದ್ಲು:
ಭರ್ರಂತ ತಿರುಗಿದ್ರ ಮಾಲಿನ್ಯಾಗ ಗಾಳಿ ಸೇರತೈತಿ,
ವರ್ಷ ತುಂಬೂದ್ರಾಗ ಫರಸಿ ಟೊಳ್ಳು ಮಾತಾಡತೈತಿ.
ಒಂದ ಹಿಡಿಕಿದ್ದದ್ದನ್ನ ಎತ್ತಿ ಇಟ್ಲು:
ಇದು ಗ್ವಾಡಿಗೆ ತೂತು ಹೊಡ್ಯಾಕ, ನನ್ನ ಮಣಿಕಟ್ಟು ಮುರಿತೈತಿ.
ಎರಡು ಹಿಡಿಕೀದು ಸೊಂಟದ ಮಟ ತಂದು
ಕಾಲು ಅಗಲಿಸಿ, ಕಣ್ಣು ಮುಚ್ಚಿ,
ಅಂಗಡಿ ನಡುವ ನಿಂತ್ಲು,
ಹಡದವರ ಮನ್ಯಾಗ ಕೂಸಿನ ತೂಕ ನೋಡಿದಂಗ.
ಹೊರಗ ಆಟೋದವರು ನಕ್ಕರು.
ಎಂಟು ಸಾವಿರದ ಆರುನೂರು. ಗಂಟು ಬಿಚ್ಚಿದ್ಲು.
ಸಾವಕಾರ ಆಗ ಖುರ್ಚಿ ತರಸಿದ.

ಮೊದಲ ದಿನ ನಾ ಹುಂಬ.
ಪುಡಿ ಸುರವಿ, ಮ್ಯಾಲ ನೀರು ಹೊಯ್ದು
ಎರಡನೇ ಗೇರಿನ್ಯಾಗ ಗುಂಡಿ ಒತ್ತಿದೆ.
ಬಕೆಟ್ಟು ಗರಗರ ತಿರುಗಿ
ನನ್ನ ಮೀಸಿಗೆ, ಮತ್ತ ಮಾಲಕರು ಮುಳುಗೂ ಊರಿಂದ
ಕಿತ್ತು ತಂದಿದ್ದ ಸಾಗವಾನಿ ಬಾಗಲಕ್ಕ
ಒಂದ ಬಣ್ಣ ಬಂತು.

ಲಾಲಬಿ ಬಕೆಟ್ಟನ್ನ ಎರಡೂ ಪಾದದ ನಡುವ ಒತ್ತಿ ಹಿಡದ್ಲು.
ನೀರು ಮೊದಲು. ಎಸರಿಗೆ ನುಚ್ಚು ಬಿಟ್ಟಂಗ ಪುಡಿ.
ಕೋಲು ಮುಳುಗಿದ ಮ್ಯಾಲ ಗುಂಡಿ, ನಿಂತ ಮ್ಯಾಲ ಎತ್ತೂದು.
ನನಗ ಹದ ಕಣ್ಣಿಗೆ ಗೊತ್ತು, ಆಕಿಗೆ ಕಿವಿಗೆ:
ಮಷೀನು ಮೊದಲು ತಿಣಕತೈತಿ, ಎತ್ತು ಏರು ಹತ್ತಿದಂಗ.
ಆಮ್ಯಾಲ ದನಿ ಸಡ್ಲಾಗತೈತಿ.
"ಈಗ" ಅಂತಾಳ.

ನಾಕನೇ ದಿನ ಗುತ್ತಿಗೆದಾರ ಬಂದು ನನಗ ಅಂದ,
ಮಷೀನು ಬಂತಲ್ಲ, ಇನ್ನ ಆಕಿ ಪಗಾರ ಯಾಕ?
ಲಾಲಬಿ ತುಟಿ ಬಿಚ್ಚಲಿಲ್ಲ. ಪ್ಲಗ್ ಕಿತ್ತು
ವೈರನ್ನ ಮೊಳಕೈಗೆ ಸುತ್ತಿಕೊಂಡ್ಲು,
ಗುಳೇದಗುಡ್ಡದ ತವರಮನ್ಯಾಗ ನೂಲು ಸುತ್ತಿದಂಗ.
ಮಷೀನು ಹೆಗಲಿಗೇರಿತು.
ಗುತ್ತಿಗೆದಾರ ನನ್ನ ನೋಡಿದ, ನಾ ಆಕಿನ್ನ ನೋಡಿದೆ,
ಬಕೆಟ್ಟಿನ್ಯಾಗ ಅರೆಬರೆ ಮಾಲು
ಯಾರನ್ನೂ ಕೇಳದ ಗಟ್ಟಿ ಆಗಾಕ ಹತ್ತಿತ್ತು.

ಈಗ ಪಗಾರ ಬ್ಯಾರೆ, ಮಷೀನಿನ ಬಾಡಿಗಿ ಬ್ಯಾರೆ.
ಸಂಜಿಗೆ ಕೋಲನ್ನ ತಿಳಿನೀರಿನ್ಯಾಗ ತಿರುವಿ ತೊಳಿತಾಳ,
ಎರಡು ಬಕೆಟ್ಟು, ಮೂರನೇದು ತಿಳಿ ಉಳಿಯೂತನಕ.
ನನ್ನ ಥಾಪಿ ಇನ್ನೂ ಹಂಗ ಬಿದ್ದಿರತೈತಿ.

ಕಲಸಿದ ಮ್ಯಾಲ ಬಕೆಟ್ಟಿನ ಹಂತೇಲಿ ಕುಂದರತಾಳ.
ಏನಾತು, ಹಚ್ಚೂಣಲ್ಲ? ಅಂದೆ.
"ಚೀಲದ ಮ್ಯಾಲ ಬರದೈತಿ, ಮೊಮ್ಮಗಳು ಓದಿ ಹೇಳಿದ್ಲು:
ಐದು ನಿಮಿಷ ಸುಮ್ಮನ ಬಿಡಬೇಕು, ಮತ್ತ ಒಮ್ಮೆ ತಿರುವಬೇಕು."
ನಾ ಎಷ್ಟು ಚೀಲ ಹರದೇನೋ, ಒಂದೂ ಓದಿಲ್ಲ.

ಆ ಐದು ನಿಮಿಷದಾಗ
ಅಂಗೈ ಬಿಸಲಿಗೆ ಹಿಡಿದು ನೋಡಕೋತ ಕುಂತಿರತಾಳ.
ನಿನ್ನೆ ಕರದ್ಲು:
"ಬಾ ಇಲ್ಲಿ, ಹೆಬ್ಬೆಟ್ಟಿಗೆ ಗೆರಿ ಬಂದಂಗ ಐತಿ ನೋಡು."
ಬಗ್ಗಿ ನೋಡಿದೆ.
ಗೆರಿಯೋ, ಸಿಮೆಂಟಿನ ಬಿರಕೋ,
ನನಗ ತಿಳೀಲಿಲ್ಲ.